ಐದು ಡಬ್ಬಿ ತಂದೆ, ಉಳಿದದ್ದು ಒಂದೂವರೆ

ಹೋದ ವರ್ಷ ನಮ್ಮ ಮನೆ ಫ್ರಿಜ್ ಮೇಲೆ ಐದು ಡಬ್ಬಿ ಸಾಲಾಗಿ ನಿಂತಿದ್ದವು. ಮಲ್ಟಿವಿಟಮಿನ್, ಕೂದಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ನಿನ ಗಮ್ಮಿ (ಜಗಿಯೋ ಮಿಠಾಯಿ), ಬಿ12 ಮಾತ್ರೆ, ವಿಟಮಿನ್ ಡಿ ಪೊಟ್ಟಣ, ಒಂದು ಕೇಜಿ ವೇ ಪ್ರೋಟೀನ್, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ. ಸಾಲದ್ದಕ್ಕೆ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಬೇರೆ. ಈಗ ವಾಕಿಂಗ್ ಇದೆ, ಡಬ್ಬಿ ಮಾತ್ರ ಒಂದೂವರೆ. ಕಂಪನಿ ಹೆಸರು ಬರೆಯಲ್ಲ. ಯಾವ ಡಬ್ಬಿ ತಿರುಗಿಸಿದರೂ ಹಿಂದೆ ಹೆಚ್ಚುಕಮ್ಮಿ ಅದೇ ಪಟ್ಟಿ ಇರುತ್ತೆ.

ಮೊದಲು ಬಂದದ್ದು ಮಲ್ಟಿವಿಟಮಿನ್. ನನಗೆ 46 ವರ್ಷ, ಮನೆಯಲ್ಲಿ ಮೊಟ್ಟೆಯೂ ಇಲ್ಲದ ಸಸ್ಯಾಹಾರ, ಆಫೀಸಿನಲ್ಲಿ ಎಂಟು ಗಂಟೆ ಕುರ್ಚಿ. ಸಾಯಂಕಾಲ ಆದರೆ ಸುಸ್ತು. ಆನ್‌ಲೈನ್‌ನಲ್ಲಿ ಚೆಂದದ ಡಬ್ಬಿ ಕಾಣಿಸಿತು, ಇಪ್ಪತ್ತಕ್ಕೂ ಜಾಸ್ತಿ ವಿಟಮಿನ್ನು, ಖನಿಜ ಅಂತ ಬರೆದಿತ್ತು, ತರಿಸಿದೆ. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದೆ. ಕಣ್ಣಿಗೆ ಕಂಡ ಬದಲಾವಣೆ ಒಂದೇ, ಮೂತ್ರ ಅರಿಶಿನದ ಬಣ್ಣಕ್ಕೆ ತಿರುಗಿತು. ಅದು ಬಿ2, ಅಂದರೆ ರೈಬೋಫ್ಲೇವಿನ್, ಮೈಗೆ ಬೇಡವಾಗಿ ಹೊರಗೆ ಹೋಗೋದು ಅಂತ ಆಮೇಲೆ ಗೊತ್ತಾಯಿತು. ದುಡ್ಡು ಯಾವ ದಾರಿಯಲ್ಲಿ ಹೋಗ್ತಿದೆ ಅಂತ ಕಣ್ಣಾರೆ ನೋಡಿದ ಹಾಗೆ.

ಅಷ್ಟರಲ್ಲಿ ಪಾದದಲ್ಲಿ ಜೋಮು ಶುರುವಾಯಿತು. ಚಕ್ಕಳಮಕ್ಕಳ ಹಾಕಿ ಕೂತರೆ ಜೋಮು ಬರುತ್ತಲ್ಲ, ಅದೇ, ಆದರೆ ಸುಮ್ನೆ ನಿಂತಿದ್ದಾಗಲೂ. ಡಾಕ್ಟರ್ ಹತ್ತಿರ ಹೋದೆ, ರಕ್ತ ಪರೀಕ್ಷೆ ಬರೆದುಕೊಟ್ಟರು. ಬಿ12 142, ವಿಟಮಿನ್ ಡಿ 11. ಬಿ12 200ಕ್ಕಿಂತ ಕೆಳಗೆ ಹೋದರೆ ಕೊರತೆ, ಡಿ 20ಕ್ಕಿಂತ ಕೆಳಗೆ ಹೋದರೆ ಕೊರತೆ. "ಮಲ್ಟಿವಿಟಮಿನ್ ತಗೋತಿದೀನಲ್ಲ ಡಾಕ್ಟ್ರೇ" ಅಂದೆ. ಡಬ್ಬಿ ತಗೊಂಡು ಬನ್ನಿ ಅಂದರು. ಮಾರನೇ ದಿನ ಕನ್ನಡಕ ಹಣೆಗೇರಿಸಿ, ಹಿಂದಿನ ಸಣ್ಣ ಅಕ್ಷರ ಓದಿ ತೋರಿಸಿದರು. ಬಿ12 ಇದ್ದದ್ದು ಒಂದು ಮೈಕ್ರೋಗ್ರಾಂ, ಡಿ 400 ಯೂನಿಟ್. ಪಕ್ಕದಲ್ಲೇ "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತ ಅಚ್ಚಾಗಿತ್ತು. ಇಂಥ ಡಬ್ಬಿ ಮೇಲೆಲ್ಲ ಅದನ್ನು ಹಾಕಲೇಬೇಕು ಅಂತ ನಿಯಮ ಇದೆ, ನಾವು ಓದಲ್ಲ ಅಷ್ಟೆ.

ಬಿ12 ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕೆಲಸ ಮಾಡಿದ್ದು ಅದೇ. ಸೊಪ್ಪು, ಕಾಳು, ತರಕಾರಿ ಎಷ್ಟು ತಿಂದರೂ ಅದರಲ್ಲಿ ಬಿ12 ಇಲ್ಲ. ನಮ್ಮಂಥವರಿಗೆ ಸಿಗೋದು ಹಾಲು ಮೊಸರಿನಿಂದ ಮಾತ್ರ, ನನ್ನ ಹಾಲು ಅಂದರೆ ಎರಡು ಲೋಟ ಕಾಫಿಗೆ ಬೀಳುವಷ್ಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಲೆಕ್ಕದಲ್ಲಿ ದಿನಕ್ಕೆ ಬೇಕಾಗಿರೋದು 2.2 ಮೈಕ್ರೋಗ್ರಾಂ. ಮತ್ತೆ ಡಾಕ್ಟರ್ ಕೊಟ್ಟ ಮಾತ್ರೆ 1500 ಮೈಕ್ರೋಗ್ರಾಂ ಯಾಕೆ ಅಂತ ನನಗೂ ಗಾಬರಿಯಾಯಿತು. ಅಷ್ಟು ದೊಡ್ಡ ಡೋಸ್ ನುಂಗಿದಾಗ ಮೈ ಹೀರಿಕೊಳ್ಳೋದು ನೂರಕ್ಕೆ ಒಂದು ಪಾಲಿನಷ್ಟು ಮಾತ್ರವಂತೆ. ಮೂರು ತಿಂಗಳಿಗೆ 142 ಇದ್ದದ್ದು 430 ಆಯಿತು. ಜೋಮು ಎರಡನೇ ತಿಂಗಳಿಗೆ ಕಮ್ಮಿಯಾಗಿ, ಯಾವಾಗ ಪೂರ್ತಿ ಹೋಯಿತು ಅಂತ ಗೊತ್ತೇ ಆಗಲಿಲ್ಲ. ಈಗ ಜನೌಷಧಿ ಕೇಂದ್ರದಲ್ಲಿ ತಗೋತೀನಿ, ಜೇಬಿಗೆ ಭಾರವಾಗಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಮನೆಯಲ್ಲಿದ್ದರೆ ಅವರ ಬಿ12 ಕೂಡ ಒಮ್ಮೆ ನೋಡಿಸಿ, ಆ ಮಾತ್ರೆಯಿಂದ ಅದು ಇಳಿಯಬಹುದು.

ಡಿ ಪೊಟ್ಟಣ ಅಂದರೆ 60,000 ಯೂನಿಟ್ ಪುಡಿ, ವಾರಕ್ಕೊಂದರಂತೆ ಎಂಟು ವಾರ. ದಿನಾ ಬೆಳಗ್ಗೆ ಆರಕ್ಕೆ ಕೆರೆ ಸುತ್ತುತ್ತೀನಿ, ಬಿಸಿಲು ಸಿಗಲ್ವಾ ಅಂತ ನಾನೂ ಕೇಳಿದ್ದೆ. ಆ ಹೊತ್ತಿನ ಎಳೆಬಿಸಿಲಲ್ಲಿ ಡಿ ಹುಟ್ಟಿಸುವ ಕಿರಣ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಅದು ಸಿಗೋದು ಮಧ್ಯಾಹ್ನದ ಆಸುಪಾಸು. ಆಗ ನಾನು ಟ್ಯೂಬ್‌ಲೈಟ್ ಕೆಳಗೆ ಇರುತ್ತೇನೆ. ಪುಡಿಯನ್ನು ಊಟ ಆದ ಮೇಲೆ, ಕೆನೆ ಇರುವ ಹಾಲಿಗೆ ಹಾಕಿ ಕುಡಿಯಬೇಕು. ಜಿಡ್ಡಿನ ಜೊತೆಗೇ ಅದು ಮೈಗೆ ಹತ್ತೋದು.

ಇದರಲ್ಲೇ ಒಂದು ಎಡವಟ್ಟಾಯಿತು. ಅತ್ತೆಗೂ ಡಿ ಕಮ್ಮಿ ಇತ್ತು, ಅವರಿಗೂ ಅದೇ ಪೊಟ್ಟಣ ಬರೆದರು. ಮೆಡಿಕಲ್ ಶಾಪಿನಲ್ಲಿ ನಾಲ್ಕು ಪೊಟ್ಟಣ ಕವರಿಗೆ ಹಾಕಿ ಕೊಟ್ಟರು, ಹೇಗೆ ತಗೋಬೇಕು ಅಂತ ಒಂದು ಮಾತೂ ಹೇಳಲಿಲ್ಲ. ನಾನೂ ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಆಫೀಸಿಗೆ ಓಡಿದೆ. ಶುಕ್ರವಾರ ನೋಡಿದರೆ ಕವರ್ ಖಾಲಿ.

"ಅತ್ತೆ, ಪೊಟ್ಟಣ ಎಲ್ಲಿ?"

"ದಿನಾ ರಾತ್ರಿ ಹಾಲಿಗೆ ಹಾಕ್ಕೊಂಡು ಕುಡಿದೆನಲ್ಲಮ್ಮ. ಚೆನ್ನಾಗಿತ್ತು, ಇನ್ನೂ ನಾಲ್ಕು ತಾ."

ತಿಂಗಳಿನದ್ದು ನಾಲ್ಕೇ ದಿನಕ್ಕೆ. ಬಿ ವಿಟಮಿನ್ ಆದರೆ ಜಾಸ್ತಿಯಾದದ್ದು ಬಹುಪಾಲು ಹೊರಗೆ ಹೋಗುತ್ತೆ, ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತೆ. ಹೀಗೇ ಬಹಳ ದಿನ ನಡೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿಗೂ ತೊಂದರೆ. ಡಾಕ್ಟರಿಗೆ ಫೋನ್ ಮಾಡಿದೆ. ಇಷ್ಟಕ್ಕೆ ಏನೂ ಆಗಲ್ಲ, ನಾನು ಹೇಳೋವರೆಗೆ ಇನ್ನು ಕೊಡಬೇಡಿ ಅಂದರು. ಏನೂ ಆಗಲಿಲ್ಲ. ಆ ವಾರ ನಾನು ನಿದ್ದೆ ಮಾಡಿದ್ದು ಮಾತ್ರ ಅಷ್ಟಕ್ಕಷ್ಟೆ. ಈಗ ಪೊಟ್ಟಣದ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ "ಭಾನುವಾರ" ಅಂತ ಬರೆದು ದೇವರಮನೆ ಕಪಾಟಿನಲ್ಲಿ ಇಡುತ್ತೇನೆ. ನನಗೆ ಈಗ ತಿಂಗಳಿಗೆ ಒಂದೇ, ಶೀರ್ಷಿಕೆಯಲ್ಲಿರೋ ಅರ್ಧ ಅದು.

ಗಮ್ಮಿ ಬಗ್ಗೆ ಬರೆಯೋಕೆ ಜಾಸ್ತಿ ಇಲ್ಲ. ಸಕ್ಕರೆ, ಸ್ಟ್ರಾಬೆರಿ ವಾಸನೆ, ಮಗಳು ಕದ್ದು ತಿಂದದ್ದೇ ಅರ್ಧ. ಕೂದಲು ಉದುರುವುದು ನಿಲ್ಲಲಿಲ್ಲ. ಬಯೋಟಿನ್ ಜಾಸ್ತಿ ತಗೊಂಡಿದ್ದರೆ ಥೈರಾಯ್ಡ್ ಪರೀಕ್ಷೆಯ ಅಂಕಿ ತಪ್ಪಾಗಿ ಬರಬಹುದು, ಇದು ಗೊತ್ತಿರಲಿ.

ಪ್ರೋಟೀನ್ ಡಬ್ಬಿ ಯಜಮಾನರ ಜಿಮ್ ಟ್ರೈನರ್ ಸಲಹೆ. ಒಂದು ಸ್ಕೂಪಿಗೆ 24 ಗ್ರಾಂ ಪ್ರೋಟೀನ್, ಅದು ನಿಜವೇ. ನನಗೆ ಮಾತ್ರ ಹೊಟ್ಟೆ ಉಬ್ಬರ. ಆಮೇಲೆ ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ಕೇಜಿ ತೂಕಕ್ಕೆ 0.83 ಗ್ರಾಂ ಅಂದರೆ, 58 ಕೇಜಿಯ ನನಗೆ ಸುಮಾರು 48 ಗ್ರಾಂ ಬೇಕು. ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಅನ್ನ ಮಜ್ಜಿಗೆ ತಿಂದರೆ ಎಲ್ಲಿ ಬರಬೇಕು? ನೂರು ಗ್ರಾಂ ಹುರುಳಿಕಾಳಿನಲ್ಲಿ 22 ಗ್ರಾಂ ಹತ್ತಿರ ಇದೆ. ಹಾಗಾಗಿ ವಾರಕ್ಕೆರಡು ದಿನ ಮೊಳಕೆ ಹುರುಳಿಕಾಳು ಸಾರು, ಮುದ್ದೆ, ಉಳಿದ ದಿನ ಹೆಸರುಕಾಳು ಉಸಲಿ, ನುಗ್ಗೆಸೊಪ್ಪಿನ ಪಲ್ಯ, ರಾತ್ರಿ ಒಂದು ಬಟ್ಟಲು ಗಟ್ಟಿ ಮೊಸರು. ಕ್ಯಾಲ್ಸಿಯಂ ಮಾತ್ರೆಯೂ ಬೇಕಾ ಅಂತ ಕೇಳಿದ್ದಕ್ಕೆ ಡಾಕ್ಟರ್ ಮುದ್ದೆ ಬಿಡಬೇಡಿ ಅಂದರು, ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ ಇರುತ್ತೆ. ಬೇಡದ ಬದಲಾವಣೆ ಅಂದರೆ ಊಟ ಆದ ತಕ್ಷಣ ಕಾಫಿ ನಿಲ್ಲಿಸಿದ್ದು. ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತೋಕೆ ಅದು ಬಿಡಲ್ಲವಂತೆ. ಒಂದು ಗಂಟೆ ಕಾಯಬೇಕು. ಇದು ಯಾವ ಮಾತ್ರೆಗಿಂತಲೂ ಕಷ್ಟ.

ಮೊನ್ನೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಹೋದ ವರ್ಷ ನಂದಿ ತಲುಪೋಕೆ ಏಳು ಕಡೆ ಕೂತಿದ್ದೆ, ಈ ಸಲ ಎರಡೇ ಕಡೆ. ಅದರಲ್ಲಿ ಬಿ12 ಪಾಲೆಷ್ಟು, ಹುರುಳಿಕಾಳಿನ ಪಾಲೆಷ್ಟು, ಕೆರೆ ಸುತ್ತಿದ್ದರ ಪಾಲೆಷ್ಟು ಅಂತ ಕೇಳಬೇಡಿ.

ಅಂದ ಹಾಗೆ, ಆ ಮಲ್ಟಿವಿಟಮಿನ್ನನ್ನು ರಿಯಾಯಿತಿ ಆಸೆಗೆ ತಿಂಗಳ ಸಬ್‌ಸ್ಕ್ರಿಪ್ಷನ್ ಮಾಡಿಸಿದ್ದೆ. ಬೇಡ ಅಂತ ಮೂರು ಮೇಲ್ ಹಾಕಿದ ಮೇಲೂ ಇನ್ನೊಂದು ಡಬ್ಬಿ ಬಂತು, ವಾಪಸ್ ತಗೊಳ್ಳಲ್ಲ ಅಂದರು. ಸೀಲ್ ಒಡೆಯದೆ ಫ್ರಿಜ್ ಮೇಲೆ ಹಾಗೇ ಇದೆ.