ಸಮ್ಮರ್ ಪ್ರೋಗ್ರಾಂಗೆ ಫಂಡ್ ಎತ್ತಿಕೊಡ್ತೀವಿ ಅನ್ನೋರ ಹತ್ರ ಹೋಗೋ ಮುಂಚೆ ಇದನ್ನ ಓದಿ

ಮೈಸೂರು ಮಂಡ್ಯ ಕಡೆ ಡಿಗ್ರಿ ಓದೋ ಮಕ್ಳಿರೋ ಮನೆಯವರು ದಯವಿಟ್ಟು ಪೂರ್ತಿ ಓದಿ. ನಮಗೆ ಮೋಸ ಮಾಡಿದ ಕನ್ಸಲ್ಟೆನ್ಸಿಯ ಹೆಸರು ಹಾಕ್ತಿಲ್ಲ, ದೂರು ಕೊಟ್ಟಿದೀವಿ, ಹೆಸರು ಹಾಕಿದ್ರೆ ಮಾನನಷ್ಟ ಕೇಸ್ ಹಾಕ್ತೀವಿ ಅಂತ ನಮಗೇ ಮೆಸೇಜ್ ಬಂದಿದೆ. ಊರೆಲ್ಲಾ ಮಾನ ಹೋಗಿರೋದು ನಮ್ದು, ಕೇಸ್ ಹಾಕೋರು ಅವ್ರಂತೆ!

ನನ್ನ ತಮ್ಮ ಮೈಸೂರಲ್ಲಿ ಬಿಎಸ್ಸಿ ಓದ್ತಿದಾನೆ. ಒಂದು ಕನ್ಸಲ್ಟೆನ್ಸಿಯವರು ಕಾಲೇಜ್ ಹತ್ರ ಸೆಮಿನಾರ್ ಮಾಡಿ ಫಾರಂ ತುಂಬಿಸ್ಕೊಂಡ್ರು, ಆಮೇಲೆ ಲಂಡನ್ನಲ್ಲಿ ನಡೆಯೋ ಸಮ್ಮರ್ ಪ್ರೋಗ್ರಾಂಗೆ ಸೆಲೆಕ್ಟ್ ಆಗಿದೀರ ಅಂತ ಲೆಟರ್ ಬಂತು, ಅದ್ರ ಮೇಲೆ ಚಿನ್ನದ ಬಣ್ಣದ ಸೀಲು ಬೇರೆ. ಒಟ್ಟು ಖರ್ಚು 3,20,000, ಅರ್ಧ ಸ್ಕಾಲರ್‌ಶಿಪ್, ಉಳಿದ 1,60,000 ನಾವು ಕಟ್ಟಬೇಕು. ಅಷ್ಟು ನಮ್ಮ ಹತ್ರ ಇಲ್ಲ ಅಂದ್ವಿ. ಅದಕ್ಕೆ ಅಲ್ಲಿದ್ದ ಮೇಡಂ "ನೀವ್ಯಾಕೆ ಕೈಯಿಂದ ಹಾಕ್ತೀರ, ನಾವೇ ಕ್ರೌಡ್‌ಫಂಡಿಂಗ್ ಮಾಡ್ಕೊಡ್ತೀವಿ, ಎಲ್ರೂ ಹಿಂಗೇ ಹೋಗೋದು" ಅಂದ್ರು. ಸೆಟಪ್ ಚಾರ್ಜ್ ಅಂತ 7,500 ಅಲ್ಲೇ ಕಟ್ಟಿಸ್ಕೊಂಡ್ರು.

ಪೋಸ್ಟರ್‌ಗೆ ಫೋಟೋ ಬೇಕು ಅಂತ ಒಬ್ಬ ಹುಡುಗನ್ನ ಊರಿಗೇ ಕಳಿಸಿದ್ರು. ಅಪ್ಪ ಮದುವೆಗೆ ಹೋಗೋ ಬಿಳಿ ಶರ್ಟ್ ಹಾಕ್ಕೊಂಡು ತಲೆ ಬಾಚ್ಕೊಂಡು ಬಂದ್ರೆ, "ಇದು ಬೇಡ ಯಜಮಾನ್ರೆ, ಗದ್ದೆಗೆ ಹೋಗೋವಾಗ ಹಾಕ್ತೀರಲ್ಲ ಆ ಬನಿಯನ್ನು ಹಾಕಿ, ಜನ ಕೊಡ್ಬೇಕಲ್ವಾ" ಅಂದ. ಅಪ್ಪ ಏನೂ ಮಾತಾಡ್ದೆ ಒಳಗೆ ಹೋಗಿ ಬದಲಾಯಿಸ್ಕೊಂಡು ಬಂದು ಕಬ್ಬಿನ ಮುಂದೆ ನಿಂತ್ರು. ಬನಿಯನ್ನು ಹೆಗಲ ಹತ್ರ ಹರಿದಿತ್ತು. ಆ ಫೋಟೋ ನಮ್ಮ ನೆಂಟರು, ಡೈರಿಯವ್ರು, ಅಪ್ಪನ ಜೊತೆ ಸೊಸೈಟಿಗೆ ಹೋಗೋರು, ಎಲ್ಲರ ಮೊಬೈಲಿಗೂ ಹೋಯ್ತು. ಕೆಳಗೆ ಕ್ಯೂಆರ್ ಕೋಡು, 80ಜಿ ತೆರಿಗೆ ರಿಯಾಯಿತಿ ಇದೆ ಅಂತ ಒಂದು ಸಾಲು.

ಜನ ಕೊಟ್ರು ಕಣ್ರೀ. ಮದ್ದೂರಿನ ನಮ್ಮ ಸೋದರಮಾವ ಕಬ್ಬಿನ ಬಿಲ್ಲಲ್ಲಿ 15,000, ದೊಡ್ಡಪ್ಪ 10,000, ಗಣಪತಿ ಕೂರಿಸೋ ಹುಡುಗ್ರು ಉಳಿಸಿಟ್ಟಿದ್ದು, ಪಕ್ಕದ ಮನೆ ಅಜ್ಜಿ ಹಾಲಿನ ಬಟವಾಡೆ ಆದ ದಿನ ಬಂದು 500 ಅಮ್ಮನ ಕೈಗಿಟ್ಟು "ಮಗ ಬಿಮಾನ ಹತ್ಲಿ" ಅಂದ್ರು. ಹಂಗೂ ಹಿಂಗೂ 1,12,000 ಆಯ್ತು ಅಂತ ಅವ್ರೇ ಲೆಕ್ಕ ಕಳಿಸಿದ್ರು.

ಅನುಮಾನ ಮೊದ್ಲು ಬಂದಿದ್ದು ದೊಡ್ಡಪ್ಪಂಗೆ. ಅವ್ರು ಬ್ಯಾಂಕಲ್ಲಿದ್ದು ರಿಟೈರ್ ಆದವ್ರು, ರಸೀದಿ ಕೇಳಿದ್ರು. ಒಂದು ಪಿಡಿಎಫ್ ಬಂತು, ಅದ್ರಲ್ಲಿ ಪ್ಯಾನ್ ನಂಬರ್ ಇಲ್ಲ, ರಿಜಿಸ್ಟ್ರೇಷನ್ ನಂಬರ್ ಇಲ್ಲ, ಬರೀ ಥ್ಯಾಂಕ್ಸು. "ಒಬ್ಬ ಹುಡುಗನ ಫೀಸಿಗೆ ಕೊಟ್ಟ ದುಡ್ಡಿಗೆ 80ಜಿ ಎಲ್ಲಿಂದ ಬರ್ತದವ್ವ, ಅದು ರಿಜಿಸ್ಟರ್ ಆಗಿರೋ ಟ್ರಸ್ಟಿಗೆ ಕೊಟ್ರೆ ಮಾತ್ರ, ಅವ್ರು 10ಬಿಇ ಅಂತ ಸರ್ಟಿಫಿಕೇಟ್ ಕೊಡ್ಬೇಕು, ನೀನು ಮೊದ್ಲು ಆ ಕೋಡು ಯಾರ್ದು ನೋಡು" ಅಂದ್ರು.

ಕೋಡು ಸ್ಕ್ಯಾನ್ ಮಾಡಿ 1 ರೂಪಾಯಿ ಅಂತ ಒತ್ತಿದೆ. ಪಿನ್ ಹಾಕೋ ಮುಂಚೆ ಹೆಸರು ತೋರಿಸುತ್ತಲ್ಲ, ಅಲ್ಲಿ ನನ್ನ ತಮ್ಮನ ಹೆಸರೂ ಇಲ್ಲ, ಕನ್ಸಲ್ಟೆನ್ಸಿ ಹೆಸರೂ ಇಲ್ಲ, ಯಾವುದೋ ಟ್ರಾವೆಲ್ಸು! ಟ್ಯಾಕ್ಸಿ ಓಡ್ಸೋ ಅಕೌಂಟಿಗೆ ನಮ್ಮೂರಿನ ದುಡ್ಡು. ಕೈ ನಡುಗ್ತಿತ್ತು ನಂಗೆ.

ಫೋನ್ ಮಾಡಿದೆ. "ಅದು ನಮ್ಮ ಪೇಮೆಂಟ್ ಪಾರ್ಟ್ನರ್ ಮೇಡಂ." ಸರಿ, ವೀಸಾ ಎಲ್ಲಿಗೆ ಬಂತು? "ಪ್ರೋಸೆಸ್ ಅಲ್ಲಿದೆ ಮೇಡಂ." ಪಾಸ್‌ಪೋರ್ಟು ನಮ್ಮನೆ ಬೀರುವಿನಲ್ಲಿದೆ! ಲಂಡನ್ ವೀಸಾಗೆ ಹುಡುಗನೇ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡ್ಬೇಕು, ಇವನು ಮೈಸೂರು ಮಂಡ್ಯ ಬಿಟ್ಟು ಎಲ್ಲೂ ಹೋಗಿಲ್ಲ, ಯಾವ ಪ್ರೋಸೆಸ್ಸು? ಅದನ್ನ ಕೇಳಿದ್ಮೇಲೆ "ಸರ್ ಮೀಟಿಂಗಲ್ಲಿದಾರೆ" ಶುರುವಾಯ್ತು.

ಪ್ರೋಗ್ರಾಂ ನಡೆಯುತ್ತೆ ಅಂದಿದ್ದ ಲಂಡನ್ನಿನ ಯೂನಿವರ್ಸಿಟಿಗೇ ತಮ್ಮ ಮೇಲ್ ಹಾಕಿದ. ಅವ್ರು ಮರ್ಯಾದೆಯಾಗಿ ಉತ್ತರ ಕೊಟ್ರು. ರಜೆಯಲ್ಲಿ ನಮ್ಮ ಹಾಸ್ಟೆಲ್ಲು ಕ್ಲಾಸ್‌ರೂಮು ಹೊರಗಿನವ್ರಿಗೆ ಬಾಡಿಗೆಗೆ ಕೊಡ್ತೀವಿ, ಆ ಪ್ರೋಗ್ರಾಂ ನಮ್ದಲ್ಲ, ಯಾರು ಸೆಲೆಕ್ಟ್ ಆದ್ರು ಅನ್ನೋದು ನಮ್ಗೆ ಸಂಬಂಧ ಇಲ್ಲ ಅಂತ. ನಮ್ಮ ಕಲ್ಯಾಣ ಮಂಟಪದ ಹಂಗೆ, ಯಾರು ಬೇಕಾದ್ರೂ ಬುಕ್ ಮಾಡ್ಬಹುದು. ಲೆಟರ್ ಮೇಲೆ ಮಾತ್ರ ಆ ಯೂನಿವರ್ಸಿಟಿ ಫೋಟೋ ಅರ್ಧ ಪೇಜು.

ದುಡ್ಡು ವಾಪಸ್ ಕೊಡಿ, ಕೊಟ್ಟೋರಿಗೆ ತಲುಪಿಸ್ತೀವಿ ಅಂತ ಅಪ್ಪನ್ನ ಕರ್ಕೊಂಡು ಆಫೀಸಿಗೇ ಹೋದೆ. ಟೇಬಲ್ ಆಚೆ ಕೂತಿದ್ದ ಆ ಮನುಷ್ಯ ಹೇಳಿದ್ದು ಹಂಗಂಗೇ ಬರೀತೀನಿ. "ಅದು ದಾನ ಅಲ್ವಾ ಮೇಡಂ, ದಾನ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?" ದಾನ ಇವ್ರಿಗೆ ಕೊಟ್ಟಿದ್ದಾ? ಅಜ್ಜಿ ಹಾಲಿನ ದುಡ್ಡು ಇವ್ರಿಗೆ ದಾನವಾ? ನಾನು ಕೂಗಾಡಿದೆ, ಅವನು ಕೂಗಾಡ್ಲೇ ಇಲ್ಲ, ನೀರಿನ ಬಾಟಲ್ ನನ್ನ ಕಡೆ ತಳ್ಳಿ "ಕೂಲ್ ಆಗಿ, ಮುಂದಿನ ವರ್ಷದ ಬ್ಯಾಚಿಗೆ ಅಡ್ಜಸ್ಟ್ ಮಾಡ್ತೀವಿ, ಉಳಿದ 48,000 ಕಟ್ಟಿ ಸೀಟ್ ಲಾಕ್ ಮಾಡ್ಕೊಳಿ" ಅಂದ. ಇನ್ನೂ 48,000 ಬೇಕಂತೆ ಇವ್ನಿಗೆ! ಅಪ್ಪ ಗೋಡೆ ಮೇಲಿದ್ದ ತಮ್ಮದೇ ಫೋಟೋ ನೋಡ್ತಾ ನಿಂತಿದ್ರು, ಆ ಪೋಸ್ಟರ್‌ನ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಅಂಟಿಸವ್ರೆ, "ನಮ್ಮ ಸಕ್ಸಸ್ ಸ್ಟೋರಿಗಳು" ಅಂತ.

ಊರಲ್ಲಿ ಈಗ ಸೋದರಮಾವ ಸಿಕ್ಕಿದ್ರೆ "ಏನವ್ವ, ಹುಡ್ಗ ಇಲ್ಲೇ ಅವ್ನಲ್ಲ, ಇನ್ನೂ ಹೊರಟಿಲ್ವಾ" ಅಂತಾರೆ, ಪಾಪ ಕೊಂಕಿಗಲ್ಲ, ನಿಜವಾಗ್ಲೂ ಕೇಳ್ತಾರೆ. ಇನ್ನು ಕೆಲವ್ರು ದುಡ್ಡು ಇವ್ರೇ ತಿಂದವ್ರೆ ಅಂತಾನೂ ಅಂದವ್ರೆ, ನನ್ನ ಕಿವಿಗೇ ಬಿದ್ದಿದೆ. ತಮ್ಮ ಶನಿವಾರ ಊರಿಗೆ ಬರೋದೇ ಬಿಟ್ಟಿದಾನೆ.

ತಮ್ಮನ ಲೆಕ್ಚರರ್ ಆಮೇಲೆ ಹೇಳಿದ್ರು, ಬೆಂಗಳೂರಿನ ಜವಾಹರಲಾಲ್ ನೆಹರು ಸೆಂಟರ್‌ದು ಸಮ್ಮರ್ ಫೆಲೋಶಿಪ್ ಇದೆ, ಸೈನ್ಸ್ ಅಕಾಡೆಮಿಗಳದ್ದು ಇದೆ, ಅಲ್ಲಿ ಸೆಲೆಕ್ಟ್ ಆದ ಹುಡುಗರಿಗೆ ಅವ್ರೇ ಸ್ಟೈಪೆಂಡ್ ಕೊಡ್ತಾರೆ. ಒಂಬತ್ತನೇ ಕ್ಲಾಸ್ ಮಕ್ಕಳಿಗೆ ಇಸ್ರೋದ ಯುವಿಕಾ ಅನ್ನೋ ರಜೆ ಶಿಬಿರ ಇದೆ, ಊಟ ವಸತಿ ಓಡಾಟದ ಖರ್ಚು ಇಸ್ರೋದ್ದೇ. ಇದನ್ನ ಯಾವ ಸೆಮಿನಾರಲ್ಲೂ ಹೇಳಲ್ಲ ಬಿಡಿ, ಅದ್ರಲ್ಲಿ ಕಮಿಷನ್ ಎಲ್ಲಿದೆ.

ಫಂಡ್ ಎತ್ತಲೇಬೇಕು ಅಂದ್ರೆ ವಿದ್ಯಾರ್ಥಿ ಅಥವಾ ಅಪ್ಪ ಅಮ್ಮನ ಅಕೌಂಟಿಗೇ ಬರ್ಲಿ, ಮಧ್ಯದಲ್ಲಿ ಯಾವ ನನ್ಮಗನ ಕ್ಯೂಆರ್ ಕೋಡೂ ಬೇಡ. ದುಡ್ಡು ಹೋಗಿದೆ ಅನ್ಸಿದ ತಕ್ಷಣ ಸೈಬರ್ ಕ್ರೈಂ ಸಹಾಯವಾಣಿ 1930ಗೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ಆ ಅಕೌಂಟಲ್ಲಿ ಉಳಿದಿರೋದನ್ನಾದ್ರೂ ತಡೆಹಿಡಿಯೋ ಚಾನ್ಸ್ ಇರುತ್ತೆ.

ಈ ಸಲದ ಬ್ಯಾಚಿಗೆ ಮತ್ತೆ ಸೆಮಿನಾರ್ ಶುರು ಮಾಡವ್ರೆ. ಚಿನ್ನದ ಸೀಲಿನ ಲೆಟರ್ ಬಂದಿರೋರು, ಟ್ರಾವೆಲ್ಸ್ ಹೆಸರಿಗೆ ದುಡ್ಡು ಹೋಗಿರೋರು ಯಾರಾದ್ರೂ ಇದ್ರೆ ಸ್ಕ್ರೀನ್‌ಶಾಟ್ ಅಳಿಸ್ಬೇಡಿ, ನಂಗೆ ಮೆಸೇಜ್ ಮಾಡಿ, ಒಟ್ಟಿಗೆ ಹೋಗಿ ದೂರು ಕೊಡೋಣ. ಅಪ್ಪನ ಆ ಫೋಟೋ ಇನ್ನೂ ಫಾರ್ವರ್ಡ್ ಆಗ್ತಾನೇ ಇದೆ, ನಿಮಗೆ ಬಂದ್ರೆ ದುಡ್ಡು ಹಾಕ್ಬೇಡಿ.