ರೈಜೆನ್ 5 5600, ಆರ್‌ಟಿಎಕ್ಸ್ 3060: ದಾವಣಗೆರೆ ಬಿಸಿಲಲ್ಲಿ ಓವರ್‌ಕ್ಲಾಕ್ ಮಾಡಿ ಬಳಸಿದ ಅನುಭವ

ಎಎಂಡಿ ರೈಜೆನ್ 5 5600 ಪ್ರೊಸೆಸರ್, ಎನ್‌ವಿಡಿಯಾ ಆರ್‌ಟಿಎಕ್ಸ್ 3060 12 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಿ550 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, 550 ವ್ಯಾಟ್ ಪವರ್ ಸಪ್ಲೈ. ಇದು ನನ್ನ ಮಷೀನ್. ಬೇಸಿಗೆ, ಮಳೆಗಾಲ ಎಲ್ಲ ನೋಡಿ ಆಗಿದೆ, ಹಾಗಾಗಿ ಈಗ ಬರೆಯಬಹುದು ಅನ್ನಿಸಿತು. ಈ ಜೋಡಿ ನನಗೆ ತುಂಬಾ ಇಷ್ಟ, 1080ಪಿ ಆಟಕ್ಕೆ ಈಗಲೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ನಾನು ಓದಿದ, ನೋಡಿದ ವಿಮರ್ಶೆಗಳಲ್ಲಿ ಹೆಚ್ಚಿನವು ತಣ್ಣಗಿನ ಕೋಣೆಯಲ್ಲಿ ಮಾಡಿದವು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಹೊಸದೇನಲ್ಲ. ಮೇಲೆ ಬರೀ ಆರ್‌ಸಿಸಿ ಇರುವ ಮನೆಯಲ್ಲಿ ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಇಂಥ ಊರಲ್ಲಿ ಓವರ್‌ಕ್ಲಾಕ್ ಮಾಡುವ, ಅಂದರೆ ಚಿಪ್ಪನ್ನು ಕಂಪನಿ ಇಟ್ಟ ವೇಗಕ್ಕಿಂತ ಮೇಲೆ ಓಡಿಸುವ ಲೆಕ್ಕವೇ ಬೇರೆ.

ಮೊದಲು ರ‍್ಯಾಮ್ ವಿಷಯ, ಯಾಕೆಂದರೆ ಅತಿ ಜಾಸ್ತಿ ಲಾಭ ಬಂದಿದ್ದು ಅಲ್ಲೇ. ಕಾಸು ಕೊಟ್ಟಿದ್ದು 3200ರ ರ‍್ಯಾಮ್‌ಗೆ. ಮನೆಗೆ ತಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ತೆಗೆದು ನೋಡಿದರೆ ಸ್ಪೀಡ್ 2400 ಅಂತ ಇತ್ತು. ಜೋಡಿಸಿಕೊಟ್ಟ ಅಂಗಡಿಯವರು ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್, ಆನ್ ಮಾಡಿಯೇ ಇರಲಿಲ್ಲ. ಅದರ ಮೇಲೆ ಎರಡೂ ಸ್ಟಿಕ್ ಒಂದೇ ಚಾನೆಲ್‌ನಲ್ಲಿ (ರ‍್ಯಾಮ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿ) ಅಕ್ಕಪಕ್ಕ ಕೂತಿದ್ದವು. ಅವನ್ನು ತೆಗೆದು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ, ಎಕ್ಸ್‌ಎಂಪಿ ಆನ್ ಮಾಡಿದೆ. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ಥರದ ಆಟಗಳಲ್ಲಿ ಸರಾಸರಿ ಫ್ರೇಮ್ ಏರಿದ್ದಕ್ಕಿಂತ 1 ಪರ್ಸೆಂಟ್ ಲೋ, ಅಂದರೆ ಅತಿ ನಿಧಾನದ ಕ್ಷಣಗಳ ಫ್ರೇಮ್ ಲೆಕ್ಕ, ಹೆಚ್ಚು ಮೇಲೆ ಬಂತು. ಅಂದರೆ ನಾಲ್ಕೈದು ಜನ ಒಟ್ಟಿಗೆ ಎದುರಾದಾಗ, ಸ್ಮೋಕ್ ಹಾಕಿದಾಗ ಪರದೆ ಜಗ್ಗುತ್ತಿತ್ತಲ್ಲ, ಅದು ನಿಂತಿತು. ಒಂದು ಪೈಸೆ ಖರ್ಚಿಲ್ಲ. ನೀವು ಇನ್ನೇನೂ ಮಾಡದಿದ್ದರೂ ಇದೊಂದನ್ನು ಇವತ್ತೇ ನೋಡಿಕೊಳ್ಳಿ.

ರ‍್ಯಾಮನ್ನು 3200 ದಾಟಿಸುವ ಕೆಲಸಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಬೇರೆ ಭಾಗ ಕೈಕೊಟ್ಟರೆ ಹೆಚ್ಚಾಗಿ ಆಟ ನಿಲ್ಲುತ್ತದೆ, ಇಲ್ಲವೇ ಮಷೀನ್ ರೀಸ್ಟಾರ್ಟ್ ಆಗುತ್ತದೆ. ರ‍್ಯಾಮ್ ತಪ್ಪು ಮಾಡಿದರೆ ಸೇವ್ ಮಾಡಿದ ಫೈಲೇ ಸದ್ದಿಲ್ಲದೆ ಹಾಳಾಗಬಹುದು. ಮನೆಯ ಫೋಟೊಗಳು, ತಂಗಿಯ ಕಾಲೇಜ್ ಪ್ರಾಜೆಕ್ಟ್ ಎಲ್ಲ ಇದರಲ್ಲೇ ಇವೆ. ಎಕ್ಸ್‌ಎಂಪಿ ಹಾಕಿದ ರಾತ್ರಿಯೇ ಮೆಮ್‌ಟೆಸ್ಟ್86 ಓಡಿಸಿ, ಒಂದೂ ಎರರ್ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ.

ಇನ್ನು ಅಳತೆ. ಏನೇ ಬದಲಾಯಿಸುವ ಮುಂಚೆ ಸಿನೆಬೆಂಚ್ ಆರ್23 (ಪ್ರೊಸೆಸರ್ ಪರೀಕ್ಷೆ), ಟೈಮ್ ಸ್ಪೈ (3ಡಿಮಾರ್ಕ್‌ನ ಗ್ರಾಫಿಕ್ಸ್ ಪರೀಕ್ಷೆ), ಜೊತೆಗೆ ಸೈಬರ್‌ಪಂಕ್ 2077 ಒಳಗೇ ಇರುವ ಬೆಂಚ್‌ಮಾರ್ಕ್, ಈ ಮೂರನ್ನು ಓಡಿಸಿ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಸ್ಕೋರ್ ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಬರೆದೆ. ಗೋಡೆಗೆ ನೇತುಹಾಕುವ ಸಾದಾ ಥರ್ಮಾಮೀಟರ್ ಸಾಕು. ಇದನ್ನು ಬಹಳ ಜನ ಬಿಡುತ್ತಾರೆ, ನನ್ನ ಪ್ರಕಾರ ಇದೇ ಮುಖ್ಯ. ಎನ್‌ವಿಡಿಯಾ ಕಾರ್ಡ್ ಬಿಸಿಯಾಗುತ್ತಾ ಹೋದಂತೆ ತಾನಾಗೇ 15 ಮೆಗಾಹರ್ಟ್ಸ್‌ನಂತೆ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತದೆ. ಡಿಸೆಂಬರ್‌ನಲ್ಲಿ ಬಂದ ಸ್ಕೋರ್ ಏಪ್ರಿಲ್‌ನಲ್ಲಿ ಬರುವುದಿಲ್ಲ, ನೀವು ಏನನ್ನೂ ಮುಟ್ಟದೇ ಇದ್ದರೂ. ಉಷ್ಣತೆ ಬರೆದಿಡದಿದ್ದರೆ ಸೆಟ್ಟಿಂಗ್ ಕೆಟ್ಟಿದೆಯೋ ಹವಾಮಾನ ಬದಲಾಗಿದೆಯೋ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಕಾರ್ಡಿನ ವೇಗ ಬದಲಾಯಿಸಲು ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಬಳಸಿದೆ. ಚಳಿಗಾಲದಲ್ಲಿ ಕೋರ್ ಕ್ಲಾಕ್ 15-15 ಏರಿಸುತ್ತಾ ಹೋದೆ, ಪ್ರತಿ ಸಲ ಸೂಪರ್‌ಪೊಸಿಷನ್ ಬೆಂಚ್‌ಮಾರ್ಕ್ ಒಂದು ಸುತ್ತು. ಒಂದು ಹಂತದಲ್ಲಿ ಅದರ ದೃಶ್ಯದಲ್ಲಿ ಕಾಣುವ ಕಪ್ಪುಹಲಗೆಯ ಬಳಿ ಸಣ್ಣ ಹಸಿರು ಚುಕ್ಕೆ ಮಿನುಗಿ ಮಾಯವಾಯಿತು, ಮತ್ತೊಂದು ಹೆಜ್ಜೆ ಇಟ್ಟ ಕೂಡಲೇ ಪರದೆ ಗಕ್ಕನೆ ನಿಂತು ಡ್ರೈವರ್ ಮತ್ತೆ ಶುರುವಾಯಿತು. ಮಿತಿ ಅಲ್ಲೇ ಇದೆ ಅಂತ ಗೊತ್ತಾಯಿತು. ಕಾರ್ಡಿನ ಮೆಮೊರಿ ಇನ್ನೂ ಸೂಕ್ಷ್ಮ. ಜಾಸ್ತಿ ಏರಿಸಿದರೆ ಕ್ರ್ಯಾಶ್ ಆಗದೆಯೇ ಸ್ಕೋರ್ ಇಳಿಯಲು ಶುರುವಾಗುತ್ತದೆ, ಅದನ್ನು ಹಿಡಿಯಲಾದರೂ ಬೆಂಚ್‌ಮಾರ್ಕ್ ಬೇಕೇ ಬೇಕು. ಕೊನೆಗೆ ಸಿಕ್ಕ ಲಾಭ ಎಷ್ಟು? ಸ್ಟಾಕ್‌ನಲ್ಲಿ, ಅಂದರೆ ಏನೂ ಬದಲಾಯಿಸದೆ, 60 ಫ್ರೇಮ್ ಬರುತ್ತಿದ್ದ ಕಡೆ 63. ಟೈಮ್ ಸ್ಪೈ ಗ್ರಾಫಿಕ್ಸ್ ಸ್ಕೋರ್ 8,700ರ ಆಸುಪಾಸಿನಿಂದ 9,100ರ ಆಸುಪಾಸಿಗೆ. ಆ 3 ಫ್ರೇಮಿಗಾಗಿ ಫ್ಯಾನ್ ಹುಯಿಲಿಡುತ್ತಿತ್ತು, ಕಾರ್ಡ್ ತನ್ನ 170 ವ್ಯಾಟ್ ಪೂರ್ತಿ ಎಳೆಯುತ್ತಿತ್ತು.

ಮಾರ್ಚ್ ಬಂದ ಮೇಲೆ ದಾರಿ ಬದಲಾಯಿಸಿದೆ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿದರೆ ಯಾವ ವೋಲ್ಟೇಜಿಗೆ ಎಷ್ಟು ವೇಗ ಅಂತ ತೋರಿಸುವ ಗೆರೆ ತೆರೆಯುತ್ತದೆ. ಅಲ್ಲಿ 0.9 ವೋಲ್ಟ್‌ಗೆ 1875 ಮೆಗಾಹರ್ಟ್ಸ್ ನಿಲ್ಲಿಸಿ, ಆಚೆಯ ಗೆರೆಯನ್ನು ಮಟ್ಟಸ ಮಾಡಿದೆ. ಮೆಮೊರಿ ಸ್ವಲ್ಪ ಏರಿಸಿದ್ದನ್ನು ಹಾಗೇ ಬಿಟ್ಟೆ. ಸ್ಕೋರ್ ಸ್ಟಾಕ್‌ಗಿಂತ ಕೂದಲೆಳೆ ಮೇಲೆ ಬಂತು, ವಿದ್ಯುತ್ ಮಾತ್ರ 140 ವ್ಯಾಟ್ ಆಸುಪಾಸಿಗೆ ಇಳಿಯಿತು. ಕೋಣೆಯ ಸೆಕೆಯಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ, ನಿಜವಾಗಲೂ. 3ಡಿಮಾರ್ಕ್‌ನ ಸ್ಟ್ರೆಸ್ ಟೆಸ್ಟ್ 20 ಸುತ್ತು ಓಡುತ್ತದೆ, ಪಾಸಾಗಲು ಫ್ರೇಮ್ ಸ್ಥಿರತೆ 97 ಪರ್ಸೆಂಟ್ ಇರಬೇಕು. ನಾನು ಅದನ್ನು ಏಪ್ರಿಲ್ ಮಧ್ಯಾಹ್ನ ಕಿಟಕಿ ತೆರೆದೇ ಓಡಿಸಿದೆ. ಅಲ್ಲಿ ಪಾಸಾದ ಸೆಟ್ಟಿಂಗ್ ಇವತ್ತಿನವರೆಗೂ ಅದೇ ಇದೆ.

ನಮ್ಮ ಓಣಿಯ ಹುಡುಗನೊಬ್ಬ ಇದೇ ಕಾರ್ಡ್ ಇಟ್ಟುಕೊಂಡಿದ್ದಾನೆ. ಜನವರಿಯಲ್ಲಿ ಬಂದು, "ಅಣ್ಣ, ನಂದು 2 ಗಿಗಾಹರ್ಟ್ಸ್ ದಾಟ್ತೈತಿ, ನಿಂದ್ಯಾಕ ಇಷ್ಟಕ್ಕೇ ನಿಲ್ಸೀಯ?" ಅಂದ. "ಬಿಸಿಲು ಬರ್ಲಿ ತಮ್ಮಾ, ಆಮೇಲೆ ನೋಡಾಣ" ಅಂದೆ. ಏಪ್ರಿಲ್‌ನಲ್ಲಿ ಆಟದ ಮಧ್ಯೆ ಡೆಸ್ಕ್‌ಟಾಪಿಗೆ ಬಂದು ಬೀಳತೊಡಗಿದಾಗ ಇಬ್ಬರೂ ಕೂತು ಅವನದಕ್ಕೂ ಇದೇ ಗೆರೆ ಹಾಕಿದೆವು. ಈಗ ಆರಾಮಾಗಿ ಆಡುತ್ತಿದ್ದಾನೆ.

ಪ್ರೊಸೆಸರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 5600 ತಾನಾಗಿಯೇ 4.4 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ. ಹಳೇ ಪದ್ಧತಿಯಂತೆ ಎಲ್ಲ ಕೋರ್‌ಗೂ ಒಂದೇ ಸ್ಪೀಡ್, ಒಂದೇ ವೋಲ್ಟೇಜ್ ಕಟ್ಟಿಹಾಕುವುದು ನನಗೆ ಸರಿ ಕಾಣಲಿಲ್ಲ, ಬಿಸಿ ಜಾಸ್ತಿ, ಆಟದಲ್ಲಿ ಫಾಯಿದೆ ಕಮ್ಮಿ. ಬದಲಿಗೆ ಪಿಬಿಓ (ಪ್ರೊಸೆಸರ್ ತಾನಾಗಿ ಇನ್ನೂ ಮೇಲೆ ಓಡಲು ಬಿಡುವ ಎಎಂಡಿ ಸೌಲಭ್ಯ) ಒಳಗಿನ ಕರ್ವ್ ಆಪ್ಟಿಮೈಸರ್, ಅಂದರೆ ಕೋರ್‌ಗಳ ವೋಲ್ಟೇಜ್ ಇಳಿಸುವ ಸೆಟ್ಟಿಂಗ್, ಬಳಸಿದೆ. ಪ್ರತಿ ಕೋರ್‌ಗೂ ಮೈನಸ್ 30ರವರೆಗೆ ಕೊಡಬಹುದು, ಒಂದೊಂದು ಎಣಿಕೆಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ವೋಲ್ಟೇಜ್ ಇಳಿದಷ್ಟೂ ತಣ್ಣಗಿರುತ್ತದೆ, ತಣ್ಣಗಿದ್ದಷ್ಟೂ ಚಿಪ್ ತಾನೇ ಮೇಲೆ ಓಡುತ್ತದೆ. ಮೈನಸ್ 10ರಿಂದ ಶುರು ಮಾಡಿ ಹೆಚ್ಚಿನ ಕೋರ್‌ಗಳನ್ನು ಮೈನಸ್ 20ಕ್ಕೆ ತಂದೆ. ಒಂದು ಕೋರ್ ಮಾತ್ರ ಮೈನಸ್ 12ಕ್ಕಿಂತ ಕೆಳಗೆ ಒಪ್ಪಲಿಲ್ಲ. ಅದು ಎಎಂಡಿಯ ರೈಜೆನ್ ಮಾಸ್ಟರ್ ಸಾಫ್ಟ್‌ವೇರ್‌ನಲ್ಲಿ ನಕ್ಷತ್ರದ ಗುರುತಿರುವ ಕೋರ್, ಅಂದರೆ ಎಲ್ಲಕ್ಕಿಂತ ಚೆನ್ನಾಗಿರುವುದು. ಅದಕ್ಕೆ ಮೊದಲೇ ಕಡಿಮೆ ವೋಲ್ಟೇಜ್ ಕೊಟ್ಟಿರುತ್ತಾರೆ, ಇನ್ನೂ ಕಿತ್ತುಕೊಳ್ಳಲು ಜಾಗ ಇರುವುದಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಕರ್ವ್ ಜಾಸ್ತಿ ಇಳಿಸಿದ ಮಷೀನ್ ಸಿನೆಬೆಂಚ್‌ನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ಸುಮ್ಮನೆ ವಿಡಿಯೋ ನೋಡುವಾಗ ಧಪ್ಪಂತ ರೀಸ್ಟಾರ್ಟ್ ಆಗುತ್ತದೆ. ಒಂದೇ ಕೋರ್ ಪೂರ್ತಿ ಸ್ಪೀಡಿಗೆ ಹಾರುವುದು ಹಗುರ ಕೆಲಸದಲ್ಲೇ, ತೊಂದರೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಕೋರ್‌ಸೈಕ್ಲರ್ ಅಂತ ಒಂದು ಉಚಿತ ಸಾಧನ ಇದೆ, ಒಂದೊಂದೇ ಕೋರ್ ಹಿಡಿದು ಪರೀಕ್ಷೆ ಮಾಡುತ್ತದೆ. ರಾತ್ರಿ ಬಿಟ್ಟು ಮಲಗಿ. ಜೊತೆಗೆ ಹೆಚ್‌ಡಬ್ಲ್ಯುಇನ್ಫೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ವೀಯಾ (WHEA) ಎರರ್, ಅಂದರೆ ವಿಂಡೋಸ್ ಹಿಡಿದ ಹಾರ್ಡ್‌ವೇರ್ ತಪ್ಪುಗಳ ಸಾಲು, ಸೊನ್ನೆಯಲ್ಲೇ ಇರಬೇಕು. ಒಂದು ಬಂದರೂ ಆ ಕೋರ್‌ಗೆ ನಾಲ್ಕೈದು ಎಣಿಕೆ ವಾಪಸ್ ಕೊಡಿ.

ಡಬ್ಬಿಯಲ್ಲಿ ಬರುವ ಕೂಲರ್ ನಮ್ಮ ಬೇಸಿಗೆಗೆ ಸಾಲದು. ಈ ಚಿಪ್‌ನ ಗರಿಷ್ಠ ಮಿತಿ 90 ಡಿಗ್ರಿ, ಏಪ್ರಿಲ್‌ನಲ್ಲಿ ಸಿನೆಬೆಂಚ್ 10 ನಿಮಿಷ ಓಡಿಸಿದರೆ ಅದರ ಹತ್ತಿರಕ್ಕೇ ಹೋಗುತ್ತಿತ್ತು. ಒಂದು ಸಾಧಾರಣ ಟವರ್ ಕೂಲರ್ ಹಾಕಿಸಿದ ಮೇಲೆ ಆ ಚಿಂತೆ ಹೋಯಿತು.

ಧೂಳಂತೂ ಕೇಳಬೇಡಿ. ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ ಬೀಸಿದರೆ ಮುಂದಿನ ಫಿಲ್ಟರ್ ಮೇಲೆ ಬರೀ ಧೂಳಲ್ಲ, ಜಿಡ್ಡು ಮಸಿ ಕೂರುತ್ತದೆ, ಬೆರಳಿಗೆ ಹತ್ತಿದರೆ ಒರೆಸಿದರೂ ಹೋಗುವುದಿಲ್ಲ. ಬ್ರಷ್‌ಗೆ ಬರುವುದಿಲ್ಲ, ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ತೊಳೆದ ದಿನ ಕಾರ್ಡ್ 5-6 ಡಿಗ್ರಿ ತಣ್ಣಗಿರುತ್ತದೆ, ಯಾವ ಸೆಟ್ಟಿಂಗೂ ಇಷ್ಟು ಸುಲಭವಾಗಿ ಇದನ್ನು ಕೊಡುವುದಿಲ್ಲ.

ಬಯೋಸ್ ಅಪ್‌ಡೇಟ್ ಮಾಡುವುದಿದ್ದರೆ ಯುಪಿಎಸ್ ಇಲ್ಲದೆ ಮಾಡಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದೆ ಇರಬಹುದು. ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಕೊಡುವುದಿಲ್ಲ, ಪಿಬಿಓ ಕೂಡ ಅದೇ ಲೆಕ್ಕಕ್ಕೆ ಬರುತ್ತದೆ, ಅದು ತಲೆಯಲ್ಲಿರಲಿ. ಹೊಸದಾಗಿ ಈ ಪ್ರೊಸೆಸರ್ ತಗೊಳ್ಳುವವರು ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಎ520 ಬೋರ್ಡ್ ಹಾಕಿಸಬೇಡಿ. ಅದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್‌ಗೆ ಅವಕಾಶ ಇಲ್ಲ, ಬಿ550 ಇರಲಿ. ಬಿಲ್ ಕೊಡುವ ಮುಂಚೆ ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆಗೆಸಿ ರ‍್ಯಾಮ್ ಸ್ಪೀಡ್ ನೋಡಿ.