‘ಬ್ಯಾಲೆನ್ಸ್ ಮಾಡಿಸಿದ’ ಹಳೆಯ ಡಾಬ್ಸೋನಿಯನ್ ಕೊಳ್ಳುವವರು ಸ್ವಲ್ಪ ಇಲ್ಲಿ ನೋಡಿ

ಕೈಯಲ್ಲಿ ಮಾಡಿದ ಡಾಬ್ಸೋನಿಯನ್ (ಪೆಟ್ಟಿಗೆಯಲ್ಲಿ ಕೂರಿಸಿ ಕೈಯಿಂದಲೇ ತಿರುಗಿಸುವ ಕನ್ನಡಿ ಟೆಲಿಸ್ಕೋಪು) ಮಾರಾಟಕ್ಕಿದೆ, ಟ್ಯೂಬಿನ ಹಿಂಭಾಗಕ್ಕೆ ತೂಕ ಹಾಕಿ ಬ್ಯಾಲೆನ್ಸ್ ಮಾಡಿಸಿದೆ ಅಂತ ಯಾರಾದರೂ ಹೇಳಿದರೆ, ಆ ತೂಕ ಎಲ್ಲಿದೆ, ಯಾವುದರಿಂದ ಹಿಡಿಸಿದ್ದಾರೆ ಅಂತ ಮೊದಲು ನೋಡಿ. ಕನ್ನಡಿ ನೋಡುವುದು ಆಮೇಲೆ. ನಮ್ಮ ರಾಯಚೂರಿನಂಥ ಬಿಸಿಲೂರಲ್ಲಂತೂ ಇದನ್ನು ಬಿಡಲೇಬೇಡಿ.

ನಾನು ಕೊಂಡಿದ್ದು ಎಂಟು ಇಂಚು ಕನ್ನಡಿಯದು. ಫೋಕಲ್ ಲೆಂತ್ 1200 ಮಿ.ಮೀ., ಪಿವಿಸಿ ಪೈಪಿನ ಟ್ಯೂಬು, ಪ್ಲೈವುಡ್ ಪೆಟ್ಟಿಗೆ. ಬೇರೆ ಊರಿನ ಹವ್ಯಾಸಿಯೊಬ್ಬರು ಮಾಡಿದ್ದು. ಕನ್ನಡಿ ಚೆನ್ನಾಗಿದೆ, ಅದರ ಬಗ್ಗೆ ದೂರಿಲ್ಲ. ಅವರು ಆಮೇಲೆ ಮುಂಭಾಗಕ್ಕೆ ದೊಡ್ಡ ಫೈಂಡರು (ಗುರಿ ಹಿಡಿಯುವ ಸಣ್ಣ ದುರ್ಬೀನು), ಎರಡಿಂಚಿನ ಐಪೀಸು (ಕಣ್ಣಿಟ್ಟು ನೋಡುವ ಮಸೂರ) ಹಾಕಿದ್ದಾರೆ. ಮೂತಿ ಭಾರವಾಗಿದೆ. ಅದಕ್ಕೆ ಹಿಂಭಾಗದಲ್ಲಿ ಜಿಮ್ಮಿನ ಎರಡು ಕೆ.ಜಿ. ಕಬ್ಬಿಣದ ಪ್ಲೇಟು ಅಂಟಿಸಿದ್ದಾರೆ. ಹೌದು, ಅಂಟಿಸಿದ್ದಾರೆ. ಡಬಲ್ ಟೇಪ್‌ನಲ್ಲಿ. ಮೇಲೆ ಕಪ್ಪು ಬಣ್ಣ ಬಳಿದಿದ್ದರಿಂದ ಟೇಪು ಕಾಣುತ್ತಲೇ ಇರಲಿಲ್ಲ.

ತೋರಿಸುವಾಗ ಟ್ಯೂಬನ್ನು ಅಡ್ಡ ಮಲಗಿಸಿ ಕೈ ಬಿಟ್ಟರು. ಅಲ್ಲಾಡಲಿಲ್ಲ. ‘ನೋಡ್ರಿ ಸರ್, ತಕ್ಕಡಿ ನಿಂತಂಗ ನಿಂತದ’ ಅಂದರು. ಲೆಕ್ಕವೂ ಸರಿಯೇ ಇತ್ತು. ಮುಂದೆ ಜಾಸ್ತಿಯಾಗಿದ್ದು 900 ಗ್ರಾಂ, ಅದು ತಿರುಗುವ ಅಚ್ಚಿನಿಂದ 80 ಸೆಂ.ಮೀ. ದೂರ. ಹಿಂದಿನ ಎರಡು ಕೆ.ಜಿ. ಇದ್ದದ್ದು 36 ಸೆಂ.ಮೀ. ದೂರದಲ್ಲಿ. ಎರಡೂ ಕಡೆ ಗುಣಿಸಿ ನೋಡಿ, ಸಮ.

ಆದರೆ ಈ ಲೆಕ್ಕ ಟ್ಯೂಬು ಮಲಗಿದಾಗಿನದು. ಆಕಾಶ ನೋಡುವಾಗ ಟ್ಯೂಬು ಮಲಗಿರುತ್ತದಾ?

ಮೊದಲ ಸಲ ಹೊರಗೆ ಒಯ್ದಿದ್ದು ಮಲಿಯಾಬಾದ್ ಕಡೆಗೆ, ಮೇ ತಿಂಗಳಲ್ಲಿ. ಊರಿನ ದೀಪ, ಶಕ್ತಿನಗರದ ವಿದ್ಯುತ್ ಸ್ಥಾವರದ ಬೆಳಕು ಎಲ್ಲ ಉತ್ತರಕ್ಕೆ ಉಳಿಯುತ್ತದೆ, ದಕ್ಷಿಣ ಕತ್ತಲೆ. ಅಕ್ಕಪಕ್ಕದ ಮನೆ ಹುಡುಗರೂ ಬಂದಿದ್ದರು. ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ತೋರಿಸಿದೆ. ನಮ್ಮಲ್ಲಿ ಅದು ದಿಗಂತದಿಂದ 26 ಡಿಗ್ರಿ ಎತ್ತರಕ್ಕೆ ಬರುತ್ತದೆ, ಉತ್ತರ ಭಾರತದವರಿಗೆ ಈ ಭಾಗ್ಯ ಕಡಿಮೆ. ಟ್ಯೂಬು ಸುಮ್ಮನೆ ನಿಂತಿತ್ತು. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಹೋದರೆ ಚಿತ್ತಾ ನಕ್ಷತ್ರ, 63 ಡಿಗ್ರಿ ಎತ್ತರದಲ್ಲಿ. ಪೆಟ್ಟಿಗೆ ತಿರುಗಿಸುವುದೇ ಬೇಡ, ಟ್ಯೂಬು ಎತ್ತಿದರೆ ಸಾಕು. ಎತ್ತಿದೆ. ಚಿತ್ತಾ ಸಿಕ್ಕಿತು, ಕೈ ಬಿಟ್ಟೆ, ನಕ್ಷತ್ರ ಐಪೀಸಿನಿಂದ ಜಾರಿಹೋಯಿತು.

‘ಮಾಮಾ, ಅದು ತಾನಾ ಮ್ಯಾಲ ಹೊಂಟದ!’ ಅಂದ ಒಬ್ಬ ಹುಡುಗ.

ಕಾರಣ ಇಷ್ಟೇ. ಫೈಂಡರು ಟ್ಯೂಬಿನ ಮೇಲ್ಮೈಯಲ್ಲಿದೆ. ಪ್ಲೇಟನ್ನೂ ಮೇಲ್ಮೈಯಲ್ಲೇ ಅಂಟಿಸಿದ್ದಾರೆ. ಟ್ಯೂಬು ಎದ್ದಷ್ಟೂ ಮೇಲಿದ್ದ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಮೂತಿ ಇನ್ನಷ್ಟು ಮೇಲೆ ಹೋಗುತ್ತದೆ. ಫೈಂಡರು ಮುಂದೆ ಮೇಲಿದ್ದರೆ ತೂಕ ಹಿಂದೆ ಕೆಳಗಿರಬೇಕು, ಮೂಲೆಯಿಂದ ಮೂಲೆಗೆ. ಆಗ ಮಾತ್ರ ಎಲ್ಲ ಎತ್ತರದಲ್ಲೂ ಸಮ ತೂಗುತ್ತದೆ.

ಟ್ಯೂಬನ್ನು ಕೈಯಲ್ಲಿ ಹಿಡಿದು ಚಿತ್ತಾವನ್ನು ಮತ್ತೆ ಹುಡುಕುತ್ತಿದ್ದಾಗ ಹಿಂದಿನಿಂದ ಚರ್ರ್ ಅಂತ ಒಂದು ಸದ್ದು. ಟೇಪು ಬಿಟ್ಟುಕೊಂಡಿತು. ಪ್ಲೇಟು ಟ್ಯೂಬಿನ ಮೇಲೆ ಜಾರಿ ಕೆಳಗಿನ ಹಲಗೆಗೆ ಬಿದ್ದು, ಅಲ್ಲಿಂದ ಹಾರಿ ಆ ಹುಡುಗನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಬಿತ್ತು. ಇತ್ತ ಹಿಂದಿನ ಭಾರ ಹೋದದ್ದೇ ತಡ, ಮೂತಿ ಕೈ ತಪ್ಪಿಸಿಕೊಂಡು ಕೆಳಗೆ ಬಂದು ಸ್ಟೂಲಿಗೆ ಬಡಿಯಿತು. ಐಪೀಸು ಕೂರುವ ಫೋಕಸರ್ ಸೊಟ್ಟಗಾಯಿತು. ಹುಡುಗನಿಗೆ ಏನೂ ಆಗಲಿಲ್ಲ.

ಬೆಳಿಗ್ಗೆ ಪ್ಲೇಟಿನ ಹಿಂಬದಿ ನೋಡಿದೆ. ಟೇಪಿನ ಅಂಟು ಬೆಲ್ಲದ ಪಾಕದಂತೆ ಎಳೆಎಳೆಯಾಗಿ ಬರುತ್ತಿತ್ತು. ತಗಡಿನ ಕೋಣೆಯಲ್ಲಿ ಹಗಲೆಲ್ಲ ಕಾದ ಟೇಪಿನ ಮೇಲೆ ರಾತ್ರಿ ಎರಡು ಕೆ.ಜಿ. ಜಗ್ಗಿದರೆ ಇನ್ನೇನಾಗುತ್ತದೆ. ಬಿಸಿ ಅಂಟಿನ ಗನ್ನಿನಲ್ಲಿ ಹಿಡಿಸಿದ್ದರೂ ಇದೇ ಕಥೆ. ಮಾರಿದವರಿಗೆ ಫೋಟೊ ಕಳಿಸಿದೆ. ‘ಸಾಗಿಸುವಾಗ ಸಡಿಲ ಆಗಿರಬೇಕು’ ಅಂದರು. ಆಮೇಲೆ ಫೋನೇ ಎತ್ತಲಿಲ್ಲ.

ಅಯಸ್ಕಾಂತ ಅಂಟಿಸಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಪಿವಿಸಿಗೆ ಅದು ಹಿಡಿಯುವುದೇ ಇಲ್ಲ. ಉಕ್ಕಿನ ಟ್ಯೂಬಿಗೆ ಹಿಡಿಯುತ್ತದೆ, ಆದರೆ ಡಬ್ಬಿಯ ಮೇಲೆ ಬರೆದಿರುವ ಶಕ್ತಿ ನೇರ ಎಳೆದಾಗಿನದು. ಪಕ್ಕಕ್ಕೆ ಜಾರುವಾಗ ಅದರ ಹಿಡಿತ ತುಂಬಾ ಕಡಿಮೆ. ಎದ್ದು ನಿಂತ ಟ್ಯೂಬಿನಲ್ಲಿ ಭಾರ ಜಾರುವುದೇ ಹಾಗೆ ತಾನೆ.

ನಾನು ಈಗ ಲೇತ್ ಅಂಗಡಿಯಲ್ಲಿ ಪ್ಲೇಟಿಗೆ ತೂತು ಹೊಡೆಸಿ, ಟ್ಯೂಬಿನ ಕೆಳಮೈಗೆ ಬೋಲ್ಟು, ಅಗಲ ವಾಶರು, ಎರಡೆರಡು ನಟ್ಟು ಹಾಕಿಸಿದ್ದೇನೆ. ಬೋಲ್ಟು ಬಿಟ್ಟರೂ ನೇತಾಡಲಿ ಅಂತ ಒಂದು ಉಕ್ಕಿನ ತಂತಿ ಬೇರೆ. ಟ್ಯೂಬಿಗೆ ತೂತು ಕೊರೆಯುವ ಮೊದಲು ಕನ್ನಡಿ ಹೊರಗೆ ತೆಗೆದಿಡಿ, ಪುಡಿ ಬಿದ್ದರೆ ಗೀರು ಗ್ಯಾರಂಟಿ. ಕನ್ನಡಿ ಕೂತಿರುವ ತಟ್ಟೆಗೆ ಮಾತ್ರ ತೂಕ ಕಟ್ಟಬೇಡಿ, ಹೊಂದಿಸಿದ ಕನ್ನಡಿ ಹಂದಾಡುತ್ತದೆ. ಇನ್ನೊಂದು, ಐಪೀಸು ಬದಲಿಸುವಾಗ ಒಂದು ಕೈ ಟ್ಯೂಬಿನ ಮೇಲೇ ಇರಲಿ. ಮುಂದಿನ ಭಾರ ತೆಗೆದ ಕ್ಷಣ ಹಿಂದಿನ ತೂಕ ಮೂತಿಯನ್ನು ಎತ್ತಿ ಒಗೆಯುತ್ತದೆ.

ನಿಜ ಹೇಳಬೇಕೆಂದರೆ ತೂಕ ಸೇರಿಸುವುದು ಕೊನೆಯ ದಾರಿ. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾನ್ ಡಾಬ್ಸನ್ ಈ ಬಗೆಯ ಟೆಲಿಸ್ಕೋಪು ಕಟ್ಟಿದ್ದು ಬೀದಿಯಲ್ಲಿ ಹೋಗುವವರಿಗೆಲ್ಲ ಆಕಾಶ ತೋರಿಸಲು, ಸರಳವಾಗಿ, ಅಗ್ಗದಲ್ಲಿ. ದೊಡ್ಡ ಫೈಂಡರಿನ ಬದಲು ಹಗುರ ರೆಡ್ ಡಾಟ್ (ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಸಾಧನ) ಹಾಕಿದರೆ, ಇಲ್ಲವೇ ಟ್ಯೂಬು ಎದ್ದಿಳಿಯುವ ಪಕ್ಕದ ತಿರುಗು ಚಕ್ರಗಳನ್ನು ನಾಲ್ಕು ಬೆರಳು ಮುಂದೆ ಸರಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಕೊಳ್ಳುವವರು ಮಾರುವವರಿಂದ ಒಂದು ವಿಡಿಯೊ ಕೇಳಿ. ಪಕ್ಕದ ಬಿಗಿ ತಿರುಪು ಪೂರ್ತಿ ಸಡಿಲ ಮಾಡಿರಬೇಕು, ಯಾಕೆಂದರೆ ಅದನ್ನು ಬಿಗಿ ಮಾಡಿ ಎಂಥ ವಾಲುವಿಕೆಯನ್ನೂ ಮುಚ್ಚಿಡಬಹುದು. ಎಲ್ಲಕ್ಕಿಂತ ಭಾರದ ಐಪೀಸು ಹಾಕಿರಬೇಕು. ಟ್ಯೂಬು ಮಲಗಿದಾಗ, ಅರ್ಧ ಎದ್ದಾಗ, ಹೆಚ್ಚುಕಡಿಮೆ ನೆಟ್ಟಗೆ ನಿಂತಾಗ, ಮೂರೂ ಕಡೆ ಕೈ ಬಿಟ್ಟು ತೋರಿಸಲಿ. ತೂಕದ ಬುಡವನ್ನು ಹತ್ತಿರದಿಂದ ತೋರಿಸಲಿ. ಅಲ್ಲಿ ಬೋಲ್ಟಿನ ತಲೆ ಕಾಣದಿದ್ದರೆ ಮುಂಗಡ ಕೊಡಬೇಡಿ.